ಸುಗ್ಗಿಯಲ್ಲಿ ಕೂಡಿಟ್ಟರೆ ಮಳೆಗಾಲದಲ್ಲಿ ಸಾಲವಿಲ್ಲ

ಈ ತಿಂಗಳ ಪಾಠ: ದಿನಸಿ ಮತ್ತು ಪಶು ಆಹಾರದ ಬೆಲೆ ಏರಿಕೆಯನ್ನು ಎದುರಿಸುವುದು ಹೇಗೆ?



ಸಂಘಗಳ ಸಭೆಗೆ ನಾವು ಬಂದಾಗಲೆಲ್ಲ ನಿಮ್ಮಿಂದ ಕೇಳುವ ಮಾತು ಒಂದೇ. "ಸಿಸ್ಟರ್, ಎಣ್ಣೆ ಬೆಲೆ ನೋಡಿದ್ರಾ? ಬೇಳೆ ಬೆಲೆ ನೋಡಿದ್ರಾ? ಹಾಲು ಹಾಕಿ ಬಂದ ದುಡ್ಡೆಲ್ಲಾ ಹಿಂಡಿ ಬೂಸಾಕ್ಕೇ ಹೋಗ್ತದೆ." ಈ ಮಾತು ಸುಳ್ಳಲ್ಲ. ಆದರೆ ಬರೀ ಮಾತನಾಡಿ ಎದ್ದು ಹೋದರೆ ಬೆಲೆ ಇಳಿಯುವುದಿಲ್ಲ. ಬೆಲೆ ಕಟ್ಟುವುದು ನಮ್ಮ ಕೈಯಲ್ಲಿಲ್ಲ. ಆದರೆ ಯಾವಾಗ ಕೊಳ್ಳಬೇಕು, ಎಷ್ಟು ಕೊಳ್ಳಬೇಕು, ಯಾರ ದುಡ್ಡಿನಲ್ಲಿ ಕೊಳ್ಳಬೇಕು, ಕೊಂಡದ್ದನ್ನು ಹೇಗೆ ಕಾಪಾಡಬೇಕು ಎಂಬುದು ನಮ್ಮ ಕೈಯಲ್ಲಿದೆ. ಇದನ್ನೇ ಈ ತಿಂಗಳ ಪಾಠವಾಗಿ ತೆಗೆದುಕೊಂಡಿದ್ದೇವೆ. ಪಾಠವನ್ನು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಒಂದೇ ಸಭೆಯಲ್ಲಿ ಮುಗಿಯದಿದ್ದರೆ ಎರಡು ಸಭೆಯಲ್ಲಿ ಮುಗಿಸಿ.

1. ಬೆಲೆ ಏಕೆ ಏರುತ್ತದೆ?

"ಅಂಗಡಿಯವನು ಏರಿಸಿದ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೆಲವೊಮ್ಮೆ ಅದೂ ನಿಜ. ಆದರೆ ಹೆಚ್ಚಿನ ಸಲ ಕಾರಣ ದೂರದಲ್ಲಿರುತ್ತದೆ.

ಅಡಿಗೆ ಎಣ್ಣೆಯನ್ನೇ ನೋಡಿ. ನಮ್ಮ ದೇಶ ಬಳಸುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುತ್ತದೆ. 2022ರ ಫೆಬ್ರವರಿಯಲ್ಲಿ ರಷ್ಯಾ ಮತ್ತು ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಬರುವುದು ಕಷ್ಟವಾಯಿತು. ಅದೇ ವರ್ಷ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ದೇಶ ತಾಳೆ ಎಣ್ಣೆ ರಫ್ತನ್ನು ಕೆಲವು ವಾರ ನಿಲ್ಲಿಸಿತು. ಎಲ್ಲೋ ಆದ ಯುದ್ಧ, ಎಲ್ಲೋ ಆದ ತೀರ್ಮಾನ. ಒಗ್ಗರಣೆ ಕಡಿಮೆಯಾದದ್ದು ನಮ್ಮ ಮನೆಯಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ಖಾದ್ಯ ತೈಲದ ಮೇಲೆ ಶೇಕಡಾ 20ರಷ್ಟು ಮೂಲ ಆಮದು ಸುಂಕ ಹಾಕಿತು, ಬೆಲೆ ಏರಿತು. 2025ರ ಮೇ ಕೊನೆಯಲ್ಲಿ ಅದನ್ನು ಶೇಕಡಾ 10ಕ್ಕೆ ಇಳಿಸಿತು.

ಎರಡನೆಯದು ಮಳೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಲಾಯಿತು. ಆ ಬೇಸಿಗೆಯಲ್ಲಿ ಹುಲ್ಲಿಗೆ ಎಷ್ಟು ಕೊಟ್ಟಿರಿ ಎಂಬುದನ್ನು ನಿಮ್ಮಲ್ಲಿ ಯಾರೂ ಮರೆತಿರಲಾರಿರಿ.

ಮೂರನೆಯದು, ಒಂದೇ ಕಾಳಿಗೆ ಹಲವು ಬಾಯಿ. ಮುಸುಕಿನ ಜೋಳ ಮೊದಲು ಮುಖ್ಯವಾಗಿ ಕೋಳಿಗೆ, ದನಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತಿತ್ತು. ಈಗ ಪೆಟ್ರೋಲಿಗೆ ಬೆರೆಸುವ ಎಥನಾಲ್ ತಯಾರಿಕೆಗೂ ಹೋಗುತ್ತದೆ. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥನಾಲ್ ತೆಗೆಯುವುದಕ್ಕೆ ಸರ್ಕಾರ ಮಿತಿ ಹಾಕಿದ ಮೇಲೆ ಜೋಳಕ್ಕೆ ಬೇಡಿಕೆ ಇನ್ನೂ ಹೆಚ್ಚಿತು. ಜೋಳ ಏರಿದರೆ ಪಶು ಆಹಾರದ ಚೀಲವೂ ಏರುತ್ತದೆ, ಮೊಟ್ಟೆಯೂ ಏರುತ್ತದೆ.

ನಾಲ್ಕನೆಯದು ಸುಗ್ಗಿ ಮತ್ತು ಅಭಾವದ ತಿಂಗಳುಗಳ ವ್ಯತ್ಯಾಸ. ಬೆಳೆ ಬಂದಾಗ ಎಲ್ಲರೂ ಮಾರುತ್ತಾರೆ, ಬೆಲೆ ಇಳಿಯುತ್ತದೆ. ಆಷಾಢ, ಶ್ರಾವಣದ ಹೊತ್ತಿಗೆ ಕಣಜ ಖಾಲಿ, ಬೆಲೆ ಮೇಲೆ. ಇದು ಹೆಚ್ಚುಕಡಿಮೆ ಪ್ರತಿ ವರ್ಷದ ಕಥೆ. ಮೊದಲ ಮೂರು ಕಾರಣಗಳನ್ನು ನಾವು ಮುಂದಾಗಿ ತಿಳಿಯಲಾರೆವು. ಈ ನಾಲ್ಕನೆಯದನ್ನು ತಿಳಿಯಬಲ್ಲೆವು. ನಮ್ಮ ಪಾಠ ನಿಂತಿರುವುದು ಇದರ ಮೇಲೆ.

2. ಬೆಲೆ ಏರಿದಾಗ ಮನೆಯಲ್ಲಿ ಮೊದಲು ಯಾರ ತಟ್ಟೆ ಸಣ್ಣದಾಗುತ್ತದೆ?

ಈ ಪ್ರಶ್ನೆಯನ್ನು ನಾವು ಹಲವು ಸಂಘಗಳಲ್ಲಿ ಕೇಳಿದ್ದೇವೆ. ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. ಯಜಮಾನರಿಗೆ ಕಡಿಮೆ ಬಡಿಸುವಂತಿಲ್ಲ, ಮಕ್ಕಳಿಗೆ ಕಡಿಮೆ ಮಾಡಲು ಮನಸ್ಸಾಗುವುದಿಲ್ಲ, ಅತ್ತೆ ಮಾವನಿಗೆ ಹೇಳುವಂತಿಲ್ಲ. ಕೊನೆಗೆ ಉಣ್ಣುವವಳು ತಳದ ತಿಳಿಸಾರಿನಲ್ಲಿ ಮುದ್ದೆ ನುಂಗಿ ಏಳುತ್ತಾಳೆ. ಬೇಳೆ ತುಟ್ಟಿಯಾದ ವರ್ಷ ಅವಳ ಪಾಲಿಗೆ ಬೇಳೆಯೇ ಇಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅಂದರೆ ನಿಮ್ಮ ಸಂಘದಲ್ಲಿ ಹದಿನೈದು ಜನ ಇದ್ದರೆ ಆರೇಳು ಜನ. ಬೇಳೆಕಾಳು ಬಿಟ್ಟರೆ ಈ ಸಂಖ್ಯೆ ಇನ್ನೂ ಏರುತ್ತದೆ.

ತಟ್ಟೆ ಸಣ್ಣದಾದ ಮೇಲೆ ಮುಂದಿನ ಹೆಜ್ಜೆ ಅಂಗಡಿ ಚೀಟಿ. ಕಡ ತಂದರೆ ದರ ಕೇಳುವ ಬಾಯಿ ಇರುವುದಿಲ್ಲ, ತೂಕ ನೋಡುವ ಧೈರ್ಯ ಇರುವುದಿಲ್ಲ. ಅದರ ಮುಂದಿನ ಹೆಜ್ಜೆ ಮನೆ ಬಾಗಿಲಿಗೆ ಬಂದು ಕೊಡುವ ಸಾಲ. ಕೊನೆಯ ಹೆಜ್ಜೆ ಕರೆಯುವ ಹಸುವನ್ನು ಸಂತೆಗೆ ಹೊಡೆಯುವುದು. ಹಸು ಹೋದ ಮೇಲೆ ವಾರದ ಬಟವಾಡೆಯೂ ಇಲ್ಲ, ಸಾಲ ಮಾತ್ರ ಉಳಿಯುತ್ತದೆ. ಆದುದರಿಂದ ಕೂಡಿಡುವುದು ಎಂದರೆ ನಾಲ್ಕು ಕಾಸು ಉಳಿಸುವ ಜಾಣತನ ಮಾತ್ರ ಅಲ್ಲ. ಈ ಇಳಿಜಾರಿಗೆ ಮೊದಲ ಮೆಟ್ಟಿಲಲ್ಲೇ ತಡೆ ಹಾಕುವುದು.

3. ಯಾವ ತಿಂಗಳಲ್ಲಿ ಏನನ್ನು ಕೊಳ್ಳಬೇಕು?

• ನವೆಂಬರ್, ಡಿಸೆಂಬರ್: ಮುಸುಕಿನ ಜೋಳ, ಭತ್ತ. ಕೊನೆಯಲ್ಲಿ ಹೊಸ ರಾಗಿ. ಭತ್ತದ ಹುಲ್ಲು, ರಾಗಿ ಹುಲ್ಲು ಅಗ್ಗವಾಗುವುದೂ ಕಣದ ಕೆಲಸ ಮುಗಿಯುವ ಈ ಹೊತ್ತಿನಲ್ಲೇ.
• ಜನವರಿ, ಫೆಬ್ರವರಿ: ರಾಗಿ, ಹುರುಳಿ, ಅವರೆಕಾಳು, ತೊಗರಿ. ಕಲಬುರಗಿ ಕಡೆಯ ಹೊಸ ತೊಗರಿ ಮಾರುಕಟ್ಟೆಗೆ ಬರುವ ಕಾಲ ಇದು.
• ಫೆಬ್ರವರಿಯಿಂದ ಏಪ್ರಿಲ್: ಹುಣಸೆಹಣ್ಣು, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಅರಿಶಿನ. ಬೇಸಿಗೆ ಬಿಸಿಲಿನಲ್ಲಿ ಇವನ್ನು ಒಣಗಿಸುವುದೂ ಸುಲಭ.
• ಮಾರ್ಚ್‌ನಿಂದ ಮೇ: ಬೆಳ್ಳುಳ್ಳಿ ಮತ್ತು ಹಿಂಗಾರಿನ ಈರುಳ್ಳಿ. ಇಲ್ಲಿ ಒಂದು ಎಚ್ಚರಿಕೆ: ಬೇಸಿಗೆಯಲ್ಲಿ ಕಿತ್ತ ಈರುಳ್ಳಿ ಗಾಳಿಯಾಡುವ ಕಡೆ ಹರಡಿಟ್ಟರೆ ನಾಲ್ಕೈದು ತಿಂಗಳು ಬರುತ್ತದೆ. ಮಳೆಗಾಲದ ಕೊನೆಗೆ ಬರುವ ಮುಂಗಾರು ಈರುಳ್ಳಿಯಲ್ಲಿ ನೀರಿನ ಅಂಶ ಹೆಚ್ಚು, ಅದನ್ನು ಕೂಡಿಡಲು ಹೋಗಬೇಡಿ.

ಕೂಡಿಡಬಾರದ್ದೂ ಇದೆ. ರಾಗಿ ಹಿಟ್ಟು, ಗೋಧಿ ಹಿಟ್ಟು, ರವೆ, ಕಡಲೆಹಿಟ್ಟು ತಿಂಗಳಿಗಿಂತ ಹೆಚ್ಚು ಬೇಡ. ಕಾಳಾಗಿಡಿ, ಬೇಕಾದಷ್ಟೇ ಬೀಸಿಸಿ. ಅಡಿಗೆ ಎಣ್ಣೆ ಎರಡು ಮೂರು ತಿಂಗಳಿಗೆ ಸಾಕು, ಅದೂ ಬಿಸಿಲು ಬೀಳದ ಕಡೆ. ಬೆಲ್ಲವನ್ನು ಮಳೆಗೆ ಮುಂಚೆ ಗಾಳಿಯಾಡದ ಡಬ್ಬಕ್ಕೆ ಹಾಕದಿದ್ದರೆ ನೀರೊಡೆಯುತ್ತದೆ.

ಇನ್ನೊಂದು ಮಾತು ಸ್ವಂತ ಬೆಳೆ ಇರುವವರಿಗೆ. ಕಣದಲ್ಲೇ ರಾಗಿಯನ್ನೆಲ್ಲಾ ಮಾರಿ, ಆಗಸ್ಟ್‌ನಲ್ಲಿ ಅಂಗಡಿಯಿಂದ ಅದೇ ರಾಗಿಯನ್ನು ಹೆಚ್ಚು ಬೆಲೆ ಕೊಟ್ಟು ತರುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಮನೆಯ ವರ್ಷದ ಊಟವನ್ನು ಮೊದಲು ಅಳೆದು ಪಕ್ಕಕ್ಕಿಡಿ, ಉಳಿದದ್ದನ್ನು ಮಾರಿ. ರಾಗಿಯಂಥ ಕಾಳು ಇನ್ನೊಂದಿಲ್ಲ. ಚೆನ್ನಾಗಿ ಒಣಗಿಸಿದ ರಾಗಿಗೆ ಹುಳ ಬೀಳುವುದು ಬಹಳ ಅಪರೂಪ, ವರ್ಷಗಟ್ಟಲೆ ಇರುತ್ತದೆ. ಹಿರಿಯರು ಅದನ್ನು ಹಗೇವಿನಲ್ಲಿ ತುಂಬಿಟ್ಟು ಬರಗಾಲ ದಾಟಿದ್ದು ಇದಕ್ಕೇ.

4. ಲೆಕ್ಕ ಹಾಕದೆ ಕೊಳ್ಳಬಾರದು

"ಬೆಲೆ ಏರ್ತದಂತೆ" ಎಂದು ಯಾರೋ ಅಂದರು ಅಂತ ಸಾಲ ಮಾಡಿ ಚೀಲ ಚೀಲ ತಂದಿಡುವುದು ಪಾಠವಲ್ಲ. ಬನ್ನಿ, ಒಂದು ಲೆಕ್ಕ ಮಾಡೋಣ. ಇದರಲ್ಲಿರುವ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿ ನೀವೂ ಮಾಡಿ ನೋಡಿ.

ಒಂದು ಮನೆಗೆ ತಿಂಗಳಿಗೆ 4 ಕೆ.ಜಿ. ತೊಗರಿಬೇಳೆ ಬೇಕು. ಆರು ತಿಂಗಳಿಗೆ 24 ಕೆ.ಜಿ. ಹೊಸ ಬೇಳೆ ಬಂದಾಗ ಕೆ.ಜಿ.ಗೆ 110 ರೂಪಾಯಿ. ಒಟ್ಟು 2,640 ರೂಪಾಯಿ.

ತಿಂಗಳು ತಿಂಗಳು ಕೊಂಡರೆ? ದರ 115, 120, 125, 130, 135, 140 ಎಂದು ಏರುತ್ತಾ ಹೋಯಿತು ಎಂದುಕೊಳ್ಳಿ. ಒಟ್ಟು 3,060 ರೂಪಾಯಿ ಆಗುತ್ತದೆ. ಅಂದರೆ ಮೊದಲೇ ಕೊಂಡವಳಿಗೆ 420 ರೂಪಾಯಿ ಉಳಿತಾಯ.

ಈಗ ಆ 2,640 ರೂಪಾಯಿ ಎಲ್ಲಿಂದ ಬಂತು ನೋಡೋಣ.

ಅ) ಕೈಯಲ್ಲಿದ್ದ ಸ್ವಂತ ದುಡ್ಡು: ಉಳಿತಾಯ ಪೂರಾ 420 ರೂಪಾಯಿ.

ಆ) ಸಂಘದ ಆಂತರಿಕ ಸಾಲ, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ: ತಿಂಗಳಿಗೆ 440ರಂತೆ ಅಸಲು ತೀರಿಸಿ, ಉಳಿದ ಅಸಲಿಗೆ ಮಾತ್ರ ಬಡ್ಡಿ ಕಟ್ಟಿದರೆ ಆರು ತಿಂಗಳಿಗೆ ಬಡ್ಡಿ ಸುಮಾರು 185 ರೂಪಾಯಿ. ಉಳಿತಾಯ 235 ರೂಪಾಯಿ. ಬಡ್ಡಿಯೂ ಹೊರಗೆ ಹೋಗಲಿಲ್ಲ, ಸಂಘದ ಪೆಟ್ಟಿಗೆಯಲ್ಲೇ ಉಳಿಯಿತು.

ಇ) ಹೊರಗಿನ ಸಾಲ, ನೂರಕ್ಕೆ 5 ರೂಪಾಯಿ ಬಡ್ಡಿ: ಅದೇ ರೀತಿ ತೀರಿಸಿದರೂ ಬಡ್ಡಿ 462 ರೂಪಾಯಿ. ಉಳಿತಾಯ ಹೋಗಿ 42 ರೂಪಾಯಿ ನಷ್ಟ.

ಈ) ಸಂಘದ ಸಾಲದಲ್ಲೇ ತಂದರು, ಆದರೆ 2 ಕೆ.ಜಿ. ಬೇಳೆಗೆ ಹುಳ ಬಿದ್ದು ಹಾಳಾಯಿತು: 220 ರೂಪಾಯಿ ಹೋಯಿತು. ಉಳಿದದ್ದು 15 ರೂಪಾಯಿ. ಆಟೋ ಬಾಡಿಗೆಗೂ ಸಾಲದು.

ಇದರಿಂದ ಮೂರು ನಿಯಮ ಕಲಿಯುತ್ತೇವೆ. ಒಂದು, ಕೂಡಿಡಲು ಬಡ್ಡಿಯವರ ಹತ್ತಿರ, ಕಿರು ಸಾಲದ ಕಂಪನಿಗಳ ಹತ್ತಿರ ಎಂದೂ ಸಾಲ ಮಾಡಬಾರದು. ಎರಡು, ಕಾಪಾಡಲು ಬಾರದಿದ್ದರೆ ಕೂಡಿಡಬಾರದು. ಮೂರು, ಮುಂದಿನ ಹೊಸ ಬೆಳೆ ಬರುವವರೆಗಿನ ಅಗತ್ಯಕ್ಕಿಂತ ಹೆಚ್ಚು ಕೊಳ್ಳಬಾರದು.

ಮೂರನೆಯದನ್ನು ಏಕೆ ಒತ್ತಿ ಹೇಳುತ್ತೇವೆ ಎಂದರೆ ಏರಿದ್ದು ಇಳಿಯುತ್ತದೆ ಕೂಡ. 2024ರ ಮಧ್ಯದಲ್ಲಿ ತೊಗರಿ ಬಹಳ ತುಟ್ಟಿಯಾಗಿತ್ತು. 2025ರ ಆರಂಭದಲ್ಲಿ ಹೊಸ ಬೆಳೆ ಬಂದಾಗ ನಮ್ಮ ರಾಜ್ಯದ ಮಾರುಕಟ್ಟೆಗಳಲ್ಲಿ ಕ್ವಿಂಟಾಲ್‌ಗೆ 7,550 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಮುಸುಕಿನ ಜೋಳವೂ ಹಾಗೆಯೇ. 2025ರ ನವೆಂಬರ್‌ನಲ್ಲಿ ಬೆಂಬಲ ಬೆಲೆ 2,400 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅಷ್ಟು ಸಿಗದೆ ರೈತರು ಬೀದಿಗಿಳಿದರು. ಬೆಲೆ ಮೇಲೆ ಇರುವಾಗ ಹೆದರಿ ಕೊಂಡು ತುಂಬಿದವರು ಎರಡು ಸಲ ಸೋತರು. ಕೊಳ್ಳುವುದು ಸುಗ್ಗಿಯಲ್ಲಿ, ಗಾಬರಿಯಲ್ಲಿ ಅಲ್ಲ.

5. ಕೊಂಡದ್ದನ್ನು ಕಾಪಾಡುವ ಬಗೆ

ಕಾಳಿಗೆ ಮೂರು ಶತ್ರುಗಳು: ತೇವ, ಹುಳ, ಇಲಿ. ತೇವವನ್ನು ಗೆದ್ದರೆ ಉಳಿದವರ ಬಲ ಅರ್ಧವಾಗುತ್ತದೆ.

• ಒಣಗಿಸುವುದು: ತಂದ ಕಾಳನ್ನು ಎರಡು ಮೂರು ದಿನ ಒಳ್ಳೆ ಬಿಸಿಲಿಗೆ ಹಾಕಿ. ಹಲ್ಲಿಗೆ ಕೊಟ್ಟರೆ ಕಟ್ ಎಂದು ಒಡೆಯಬೇಕು. ಬಿಸಿ ಇರುವಾಗಲೇ ಚೀಲಕ್ಕೆ ತುಂಬಬೇಡಿ. ಒಳಗೆ ಬೆವರಿ ಮುಗ್ಗುತ್ತದೆ. ಸಂಜೆ ನೆರಳಿನಲ್ಲಿ ಆರಿಸಿ ತುಂಬಿ.

• ಉಪ್ಪಿನ ಪರೀಕ್ಷೆ: ಮುಸುಕಿನ ಜೋಳ ಒಣಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ, ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಜೋಳ, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ ಕಾಲು ಗಂಟೆ ಇಡಿ. ಉಪ್ಪು ಬಾಟಲಿಗೆ ಅಂಟಿಕೊಂಡರೆ ಜೋಳದಲ್ಲಿ ಇನ್ನೂ ತೇವ ಇದೆ. ಅಂಟದಿದ್ದರೂ ಇನ್ನೊಂದು ದಿನ ಬಿಸಿಲು ಕಾಣಿಸಿ.

• ಬೇಳೆಕಾಳು: ಇಡೀ ಕಾಳಿಗೆ ಹುಳ ಬೇಗ ಬೀಳುತ್ತದೆ, ಒಡೆದ ಬೇಳೆಗೆ ಅಷ್ಟು ಬೇಗ ಬೀಳುವುದಿಲ್ಲ. ಆದುದರಿಂದ ತೊಗರಿಯನ್ನು ಬೇಳೆ ಮಾಡಿಸಿ ಇಡುವುದು ಒಳ್ಳೆಯದು. ಕೆ.ಜಿ.ಗೆ ಒಂದು ಸಣ್ಣ ಚಮಚ ಹರಳೆಣ್ಣೆಯನ್ನು ಕೈಗೆ ಹಚ್ಚಿಕೊಂಡು ಬೇಳೆಗೆ ಸವರಿ, ಬಿಗಿಯಾದ ಡಬ್ಬಕ್ಕೆ ತುಂಬಿ. ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ.

• ಅಕ್ಕಿ, ರಾಗಿ: ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಪದರ ಪದರವಾಗಿ ಹಾಕಿ. ಹಸಿ ಎಲೆ ಹಾಕಿದರೆ ತೇವ ನಾವೇ ತುಂಬಿದಂತೆ.

• ಹುಣಸೆಹಣ್ಣು: ಬೀಜ ತೆಗೆದು, ಉಪ್ಪು ಬೆರೆಸಿ, ಮಣ್ಣಿನ ಮಡಕೆ ಅಥವಾ ಪಿಂಗಾಣಿ ಭರಣಿಗೆ ಒತ್ತಿ ತುಂಬಿ. ಲೋಹದ ಪಾತ್ರೆ ಬೇಡ.

• ಚೀಲಗಳು: ನೆಲಕ್ಕೆ ತಾಗಿಸಿ, ಗೋಡೆಗೆ ಒರಗಿಸಿ ಇಡಬೇಡಿ. ಹಲಗೆ ಅಥವಾ ಇಟ್ಟಿಗೆ ಮೇಲೆ ಮರದ ಪಟ್ಟಿ ಹಾಕಿ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಇಡಿ. ಹಳೇ ಚೀಲವನ್ನು ಕೊಡವಿ, ಒಗೆದು, ಒಣಗಿಸಿ ಬಳಸಿ. ಹಳೇ ಹುಳ ಚೀಲದ ಹೊಲಿಗೆಯಲ್ಲೇ ಇರುತ್ತದೆ.

• ತಿಂಗಳ ಪೊಟ್ಟಣ: ಡಬ್ಬ ತುಂಬಿದ್ದರೆ ಕೈ ಧಾರಾಳವಾಗುತ್ತದೆ. ಆರು ತಿಂಗಳ ಬೇಳೆಯನ್ನು ಆರು ಪೊಟ್ಟಣ ಮಾಡಿ, ಮೇಲೆ ತಿಂಗಳ ಹೆಸರು ಬರೆದಿಡಿ. ಜೂನ್ ಪೊಟ್ಟಣವನ್ನು ಮೇ ತಿಂಗಳಲ್ಲಿ ಬಿಚ್ಚುವಂತಿಲ್ಲ!

ಜೀವಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆಗಳನ್ನು ದಯವಿಟ್ಟು ಎರಡು ಸಲ ಓದಿ.

ಮೊದಲನೆಯದು: ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಯಲ್ಲಿ ಎಂದೂ ಇಡಬಾರದು. ಅದು ಗಾಳಿಯ ತೇವ ತಾಗಿ ವಿಷಾನಿಲ ಬಿಡುತ್ತದೆ. ಮಲಗುವ ಮನೆಯಲ್ಲಿ ಚೀಲ ಇಟ್ಟು, ರಾತ್ರಿ ಮಲಗಿದ ಮಕ್ಕಳು ಬೆಳಿಗ್ಗೆ ಏಳದ ಘಟನೆಗಳು ದೇಶದಲ್ಲಿ ನಡೆದಿವೆ. ಇದು ತರಬೇತಿ ಇರುವವರು ಉಗ್ರಾಣದಲ್ಲಿ ಬಳಸುವ ವಸ್ತು. ಅಂಗಡಿಯವರು ಕೊಟ್ಟರೂ ತರಬೇಡಿ.

ಎರಡನೆಯದು: ಹಳೆಯ ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು. ಮುಚ್ಚಿದ ಗುಂಡಿಯಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಉಸಿರುಗಟ್ಟಿ ಸತ್ತವರು, ಅವರನ್ನು ಎತ್ತಲು ಇಳಿದು ಸತ್ತವರು ಇಬ್ಬರೂ ಇದ್ದಾರೆ.

6. ದನಕರುಗಳ ಮೇವು ಮತ್ತು ಹಿಂಡಿ

ಹಾಲಿನ ದರ ಏರುವುದು ಎಂದೋ ಒಮ್ಮೆ. ಹಿಂಡಿ ಬೂಸಾ ದರ ಯಾವ ವಾರ ಬೇಕಾದರೂ ಏರುತ್ತದೆ. ಆದುದರಿಂದ ಹಸು ಸಾಕುವವರಿಗೆ ಲೆಕ್ಕ ಇನ್ನೂ ಮುಖ್ಯ.

ಮೊದಲು ಎಷ್ಟು ಬೇಕು ತಿಳಿಯೋಣ. ಮಿಶ್ರತಳಿ ಹಸುವಿಗೆ ಅದರ ದೇಹ ಪೋಷಣೆಗೆ ದಿನಕ್ಕೆ ಒಂದೂವರೆಯಿಂದ ಎರಡು ಕೆ.ಜಿ. ಪಶು ಆಹಾರ, ಅದರ ಮೇಲೆ ಕರೆಯುವ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಹತ್ತು ಲೀಟರ್ ಕೊಡುವ ಹಸುವಿಗೆ ದಿನಕ್ಕೆ 6 ಕೆ.ಜಿ., ತಿಂಗಳಿಗೆ 180 ಕೆ.ಜಿ., ಅಂದರೆ 50 ಕೆ.ಜಿ.ಯ ಮೂರೂವರೆ ಚೀಲಕ್ಕಿಂತ ಸ್ವಲ್ಪ ಹೆಚ್ಚು. ಚೀಲಕ್ಕೆ 100 ರೂಪಾಯಿ ಏರಿದರೆ ತಿಂಗಳಿಗೆ 360 ರೂಪಾಯಿ ಹೊರೆ. ಅನೇಕರು ಎಲ್ಲ ಹಸುವಿಗೂ ಒಂದೇ ಅಳತೆ ಸುರಿಯುತ್ತಾರೆ. ನಾಲ್ಕು ಲೀಟರ್ ಹಸುವಿಗೆ ಹತ್ತು ಲೀಟರ್ ಹಸುವಿನ ಪಾಲು ಹಾಕಿದರೆ ಹಾಲು ಏರುವುದಿಲ್ಲ, ಖರ್ಚು ಏರುತ್ತದೆ. ಅಳೆದು ಹಾಕುವುದೇ ಮೊದಲ ಉಳಿತಾಯ.

ಇನ್ನು ಕೂಡಿಡುವ ಮಾತು. ಚೀಲದ ಪಶು ಆಹಾರವನ್ನು ಬೇಳೆಯಂತೆ ಆರು ತಿಂಗಳಿಗೆ ತುಂಬುವಂತಿಲ್ಲ. ಹಿಂಡಿ ಮತ್ತು ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಬೇಗ ಕಮಟುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳು, ಮಳೆಗಾಲದಲ್ಲಿ ಒಂದು ತಿಂಗಳು ಸಾಕು. ಕೊಳ್ಳುವಾಗ ಚೀಲದ ಮೇಲಿನ ತಯಾರಿಕೆಯ ತಾರೀಕು ನೋಡಿ.

ಬೂಷ್ಟು ಹಿಡಿದ ಹಿಂಡಿಯ ವಿಷಯ ಹೇಳಲೇಬೇಕು. "ಮನುಷ್ಯರು ತಿನ್ನೋದಲ್ವಲ್ಲ ಸಿಸ್ಟರ್, ಹಸುವಿಗೆ ತಾನೇ" ಎಂದು ಒಬ್ಬ ಅಕ್ಕ ನಮ್ಮೆದುರೇ ಹಸಿರುಗಟ್ಟಿದ ಕಡಲೆಕಾಯಿ ಹಿಂಡಿಯನ್ನು ಬಾನಿಗೆ ಹಾಕಿದರು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಹಸುವಿನ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದು ಕಷ್ಟವಾಗುತ್ತದೆ. ಅಷ್ಟೇ ಅಲ್ಲ, ವಿಷದ ಒಂದು ಭಾಗ ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಆ ಹಾಲನ್ನು ಕುಡಿಯುವುದು ನಮ್ಮ ಮಗುವೇ. ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿ, ಉದುರಿಸಿ ಬಳಸಬೇಡಿ. ಕೋಳಿಗೂ ಹಾಕಬೇಡಿ. ಗುಂಡಿ ತೆಗೆದು ಹೂಳಿ. ನಷ್ಟ ಎನಿಸುತ್ತದೆ, ಆದರೆ ಹಸುವಿಗಿಂತ ಹಿಂಡಿ ಅಗ್ಗ.

ಹಾಗಾದರೆ ಆರು ತಿಂಗಳಿಗೆ ಕೂಡಿಡುವುದು ಏನನ್ನು?

ಅ) ಒಣಹುಲ್ಲು: ಒಂದು ಹಸುವಿಗೆ ದಿನಕ್ಕೆ 5 ಕೆ.ಜಿ. ಎಂದರೆ ಆರು ತಿಂಗಳಿಗೆ 900 ಕೆ.ಜಿ. ಕಣದ ಹೊತ್ತಿನಲ್ಲೇ ಕೊಂಡು ಎತ್ತರದ ಜಾಗದಲ್ಲಿ, ಕೆಳಗೆ ಕಲ್ಲು ಅಥವಾ ಕಟ್ಟಿಗೆ ಹಾಸಿ, ಬಣವೆ ಒಟ್ಟಿ, ಮೇಲೆ ಹೊದಿಕೆ ಹಾಕಿ. ಕತ್ತರಿಸಿ ಹಾಕಿದರೆ ಕಾಲಡಿ ತುಳಿದು ಹಾಳಾಗುವುದು ಬಹಳ ಕಡಿಮೆಯಾಗುತ್ತದೆ. ಮೇವು ಕತ್ತರಿಸುವ ಯಂತ್ರವನ್ನು ಸಂಘಕ್ಕೆ ಒಂದು ತಂದು ಸರದಿಯಂತೆ ಬಳಸಬಹುದು.

ಆ) ರಸಮೇವು: ಮುಸುಕಿನ ಜೋಳದ ಕಾಳು ಹಾಲುಗಟ್ಟಿ ಗಟ್ಟಿಯಾಗುವ ಹದದಲ್ಲಿ ಇಡೀ ಗಿಡವನ್ನು ಕೊಯ್ದು, ಒಂದು ಅಂಗುಲ ಉದ್ದ ಕತ್ತರಿಸಿ, ಗುಂಡಿಗೆ ಪದರ ಪದರವಾಗಿ ತುಂಬಿ ಗಾಳಿ ಹೋಗುವಂತೆ ತುಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಮಣ್ಣು ಹಾಕಬೇಕು. 45 ದಿನದಲ್ಲಿ ಹದವಾಗುತ್ತದೆ. 8 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳದ ಗುಂಡಿಯಲ್ಲಿ ಸುಮಾರು ಎರಡೂವರೆ ಟನ್ ಹಿಡಿಯುತ್ತದೆ. ದಿನಕ್ಕೆ 20 ಕೆ.ಜಿ.ಯಂತೆ ಒಂದು ಹಸುವಿಗೆ ನಾಲ್ಕು ತಿಂಗಳು. ಜಾಗ ಇಲ್ಲದವರು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಗಾಳಿ ತೆಗೆದು ಬಾಯಿ ಬಿಗಿದು ಕಟ್ಟಿಯೂ ಮಾಡಬಹುದು. ಇಲಿ ಕಡಿಯದಂತೆ ನೋಡಿಕೊಳ್ಳಿ. ತೂತು ಬಿದ್ದರೆ ಆ ಚೀಲ ಕೆಟ್ಟಂತೆ.

ಇ) ಮುಸುಕಿನ ಜೋಳ: ಇಡೀ ಕಾಳಾಗಿ ಒಣಗಿಸಿಟ್ಟು, ಹದಿನೈದು ದಿನಕ್ಕೊಮ್ಮೆ ನುಚ್ಚು ಮಾಡಿಸಿ. ಮನೆಯಲ್ಲೇ ಆಹಾರ ಬೆರೆಸಬಹುದು: ಜೋಳದ ನುಚ್ಚು 40 ಕೆ.ಜಿ., ಹಿಂಡಿ 30, ಬೂಸಾ ಅಥವಾ ತೌಡು 27, ಖನಿಜ ಮಿಶ್ರಣ 2, ಉಪ್ಪು 1. ಒಟ್ಟು 100 ಕೆ.ಜಿ. ಖನಿಜ ಮಿಶ್ರಣವನ್ನು ಉಳಿಸಲು ಹೋಗಿ ಬಿಡಬೇಡಿ. ಹೊಸ ಆಹಾರಕ್ಕೆ ಒಂದೇ ದಿನಕ್ಕೆ ಬದಲಾಯಿಸಬೇಡಿ, ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ. ಮನೆಯಲ್ಲಿ ಕಾಳು ಇದೆ ಅಂತ ಅಕ್ಕಿ, ರಾಗಿಯನ್ನು ಒಮ್ಮೆಲೇ ಹೆಚ್ಚು ತಿನ್ನಿಸಿದರೆ ಹೊಟ್ಟೆಯಲ್ಲಿ ಹುಳಿಯೇರಿ ಹಸು ಸಾಯಬಹುದು.

ಈ) ಹಸಿರು ಬೆಳೆಸಿ: ಕೂಡಿಡುವುದಕ್ಕಿಂತ ಒಳ್ಳೆಯದು ಬೆಳೆಸುವುದು. ಬಚ್ಚಲ ನೀರು ಹರಿಯುವ ಕಡೆ ನೇಪಿಯರ್ ಹುಲ್ಲು, ಬದುವಿನ ಮೇಲೆ ಕುದುರೆ ಮೆಂತೆ, ಅಲಸಂದೆ, ಅಗಸೆ, ನುಗ್ಗೆ. ದ್ವಿದಳ ಜಾತಿಯ ಹಸಿರು ಮೇವು ಹತ್ತು ಕೆ.ಜಿ. ಹಾಕಿದರೆ ಸುಮಾರು ಒಂದು ಕೆ.ಜಿ. ಪಶು ಆಹಾರ ಉಳಿಸಬಹುದು. ಅಂದರೆ ಬದು ಕೂಡ ಒಂದು ಉಗ್ರಾಣವೇ.

7. ಒಬ್ಬಳಾಗಿ ಅಲ್ಲ, ಸಂಘವಾಗಿ

ಒಬ್ಬಳೇ ಅಂಗಡಿಗೆ ಹೋಗಿ "24 ಕೆ.ಜಿ. ಬೇಳೆ ಕೊಡಿ, ಕಡಿಮೆ ಮಾಡಿ" ಎಂದರೆ ನಗುತ್ತಾರೆ. ಹದಿನೈದು ಜನ ಸೇರಿದರೆ 360 ಕೆ.ಜಿ. ಆಗ ಮಂಡಿಯವರೇ ಕುರ್ಚಿ ಹಾಕುತ್ತಾರೆ. ಸಂಘವಾಗಿ ಕೊಳ್ಳುವಾಗ ಈ ಕ್ರಮ ಅನುಸರಿಸಿ:

1. ಸಭೆಯಲ್ಲಿ ಪ್ರತಿಯೊಬ್ಬರ ಬೇಡಿಕೆಯನ್ನು ಬರೆದುಕೊಳ್ಳಿ. ನಿರ್ಣಯ ಪುಸ್ತಕದಲ್ಲಿ ನಿರ್ಣಯ ಬರೆದು ಎಲ್ಲರೂ ಸಹಿ ಮಾಡಿ.
2. ಕಡಿಮೆಯೆಂದರೆ ಮೂರು ಕಡೆ ದರ ವಿಚಾರಿಸಿ. ಮಾದರಿ ತಂದು ಒಂದು ಹಿಡಿ ಬೇಯಿಸಿ ನೋಡಿ.
3. ಖರೀದಿಗೆ ಇಬ್ಬರು ಹೋಗಲಿ. ಪ್ರತಿ ಸಲ ಬೇರೆ ಬೇರೆ ಇಬ್ಬರು. ಬಿಲ್ಲು ಕಡ್ಡಾಯ.
4. ಹಂಚುವಾಗ ಎಲ್ಲರ ಎದುರು ತೂಗಿ. ಗೂಡ್ಸ್ ಆಟೋ ಬಾಡಿಗೆಯನ್ನು ಕೆ.ಜಿ. ಲೆಕ್ಕದಲ್ಲಿ ಹಂಚಿ.
5. ಸಾಲವಾಗಿ ಪಡೆದವರ ಕಂತನ್ನು ಸಾಲದ ಪುಸ್ತಕದಲ್ಲಿ ಬೇರೆಯಾಗಿ ಬರೆಯಿರಿ. ದಿನಸಿ ಸಾಲ ಹೊಸ ಬೆಳೆಗೆ ಮುಂಚೆ ತೀರಲೇಬೇಕು.

ಸಾಲವೇ ಬೇಡ ಎನ್ನುವವರು ಈಗಿನಿಂದಲೇ ವಾರದ ಉಳಿತಾಯದ ಜೊತೆ ಬೇರೆಯಾಗಿ 20 ರೂಪಾಯಿ 'ಸುಗ್ಗಿ ಉಳಿತಾಯ' ಕಟ್ಟಿ. ವರ್ಷಕ್ಕೆ 1,040 ರೂಪಾಯಿ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಹಣ ಪಡೆಯುವವರು ಹಣ ಬಂದ ಒಂದು ತಿಂಗಳನ್ನಾದರೂ ಸುಗ್ಗಿಯ ಖರೀದಿಗೆ ಮೀಸಲಿಡಬಹುದು.

ಇದ್ದವರು ಕೊಂಡುಕೊಳ್ಳುತ್ತಾರೆ, ಇಲ್ಲದವರು? ಸಂಘದಲ್ಲಿ ವಿಧವೆಯರಿದ್ದಾರೆ, ಕೂಲಿಯನ್ನೇ ನಂಬಿದವರಿದ್ದಾರೆ. ಅವರಿಗಾಗಿ ಧಾನ್ಯ ನಿಧಿ ಮಾಡಿ. ಅಡಿಗೆಗೆ ಅಳೆಯುವಾಗ ದಿನಕ್ಕೆ ಎರಡು ಹಿಡಿ ಅಕ್ಕಿ ಅಥವಾ ರಾಗಿಯನ್ನು ಒಂದು ಮಡಕೆಗೆ ಹಾಕಿ. ದಿನಕ್ಕೆ ನೂರು ಗ್ರಾಂ ಎಂದರೂ ತಿಂಗಳಿಗೆ 3 ಕೆ.ಜಿ. ಹದಿನೈದು ಮನೆಯಿಂದ 45 ಕೆ.ಜಿ. ಮಳೆಗಾಲದಲ್ಲಿ ಕೆಲಸ ಇಲ್ಲದ ಸದಸ್ಯೆ ಅದರಿಂದ ಎರವಲು ಪಡೆದು, ಸುಗ್ಗಿಯಲ್ಲಿ ಕಾಳಾಗಿಯೇ ಹಿಂದಿರುಗಿಸಲಿ. ಹೆಚ್ಚುವರಿ ಎಷ್ಟು ಕೊಡಬೇಕು, ಕೊಡಬೇಕೇ ಬೇಡವೇ ಎಂಬುದನ್ನು ಸಂಘವೇ ತೀರ್ಮಾನಿಸಲಿ. ಕೈಚಾಚಿ ಬೇಡುವುದಕ್ಕೂ ಸಂಘದಿಂದ ಎರವಲು ತರುವುದಕ್ಕೂ ಬಹಳ ವ್ಯತ್ಯಾಸವಿದೆ.

8. ಕೂಡಿಡುವುದು ಬೇರೆ, ಅಡಗಿಸಿಡುವುದು ಬೇರೆ

ನಮ್ಮ ಊಟಕ್ಕೆ, ನಮ್ಮ ಹಸುವಿಗೆ ಬೇಕಾದಷ್ಟನ್ನು ಇಟ್ಟುಕೊಳ್ಳುವುದು ಕೂಡಿಡುವುದು. ಬೆಲೆ ಏರಲಿ ಎಂದು ಕಾದು, ನೆರೆಯವಳ ಹಸಿವಿನಿಂದ ಲಾಭ ಮಾಡುವುದು ಅಡಗಿಸಿಡುವುದು. 2023ರ ಜೂನ್‌ನಲ್ಲಿ ಸರ್ಕಾರ ತೊಗರಿ ಮತ್ತು ಉದ್ದಿಗೆ ದಾಸ್ತಾನು ಮಿತಿ ಹಾಕಿ, ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದು ಗೊತ್ತುಮಾಡಿದ್ದು ಈ ಎರಡನೆಯದನ್ನು ತಡೆಯಲಿಕ್ಕೆ. ಕಾನೂನು ನಮ್ಮ ಮನೆಯ ಡಬ್ಬವನ್ನು ಎಣಿಸುವುದಿಲ್ಲ. ಆದರೆ ಬರ ಬಂದ ವರ್ಷ ಊರಿನ ಹುಲ್ಲನ್ನೆಲ್ಲಾ ಇಬ್ಬರೇ ಕೊಂಡು ಬಣವೆ ಹಾಕಿದರೆ ಮೂರನೆಯವಳ ಹಸು ಸಂತೆಗೆ ಹೋಗುತ್ತದೆ. ಇದನ್ನು ಸಂಘದಲ್ಲಿ ಬಾಯಿಬಿಟ್ಟು ಮಾತನಾಡಬೇಕು.

ಚರ್ಚೆಗೆ ಪ್ರಶ್ನೆಗಳು

1. ಕಳೆದ ವರ್ಷ ನಿಮ್ಮ ಮನೆಯಲ್ಲಿ ಯಾವ ತಿಂಗಳು ಅಂಗಡಿ ಕಡ ಹೆಚ್ಚಾಯಿತು? ಏಕೆ?
2. ಬೆಲೆ ಏರಿದಾಗ ನೀವು ನಿಮ್ಮ ತಟ್ಟೆಯಿಂದ ಏನನ್ನು ಬಿಟ್ಟಿರಿ?
3. ನಿಮ್ಮ ಹಸುವಿಗೆ ದಿನಕ್ಕೆ ಎಷ್ಟು ಕೆ.ಜಿ. ಪಶು ಆಹಾರ ಹಾಕುತ್ತೀರಿ? ಹಾಲಿನ ಲೆಕ್ಕಕ್ಕೆ ಅದು ಸರಿ ಇದೆಯೇ?
4. ಸಂಘದಲ್ಲಿ ಅತಿ ಕಷ್ಟದಲ್ಲಿರುವ ಸದಸ್ಯೆಯನ್ನು ಬಿಟ್ಟು ನಾವು ಖರೀದಿ ಮಾಡುತ್ತಿದ್ದೇವೆಯೇ?

ಮುಂದಿನ ಸಭೆಗೆ ಮನೆಗೆಲಸ

ಒಂದು ಹಾಳೆಯಲ್ಲಿ ನಿಮ್ಮ ಮನೆಯ ಒಂದು ತಿಂಗಳ ದಿನಸಿ ಮತ್ತು ಮೇವಿನ ಪಟ್ಟಿ ಬರೆದು ತನ್ನಿ: ವಸ್ತು, ಎಷ್ಟು, ಈಗಿನ ದರ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ಹದಿನೈದು ಪಟ್ಟಿಗಳನ್ನು ಒಟ್ಟು ಕೂಡಿಸಿದಾಗ ನಿಮ್ಮ ಸಂಘ ಎಷ್ಟು ದೊಡ್ಡ ಗಿರಾಕಿ ಎಂಬುದು ನಿಮಗೇ ಕಾಣುತ್ತದೆ. ಒಂದೇ ವಸ್ತುವಿನಿಂದ ಶುರು ಮಾಡಿ. ಮೊದಲ ವರ್ಷ ಬೇಳೆ ಸಾಕು, ಇಲ್ಲವೇ ಹುಲ್ಲು ಸಾಕು. ಬೇಳೆಯ ಮೊದಲ ಪೊಟ್ಟಣ ಬಿಚ್ಚಿದ ದಿನ, ಅಡಿಗೆ ಮಾಡಿದವಳ ತಟ್ಟೆಗೂ ಒಂದು ಸೌಟು ಗಟ್ಟಿ ಬೇಳೆ ಬೀಳಲಿ.